ಗಾಜಿನ ಬಾಗಿಲಲ್ಲಿ ಚುಕ್ಕಿಗೊಂದು ಕಿಂಡಿ

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನಾವಿರುವ ಬಾಡಿಗೆ ಮನೆಯಿಂದ ಹಿತ್ತಲಿಗೆ ಹೋಗಲು ಇರುವುದು ಒಂದೇ ಬಾಗಿಲು, ಅದೂ ಮೇಲಿಂದ ಕೆಳಗಿನವರೆಗೆ ಡಬಲ್ ಗ್ಲೇಜಿಂಗ್, ಅಂದರೆ ನಡುವೆ ಸಂದು ಬಿಟ್ಟು ಜೋಡಿಸಿದ ಎರಡು ಹಾಳೆ ಗಾಜು. ನಮ್ಮವರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ನನಗೆ ಹಗಲು ಕೆಲಸ. ನಮ್ಮ ಬೆಕ್ಕು ಚುಕ್ಕಿ ಒಳಗೆ ಬರಬೇಕೆಂದರೆ ಯಾರಾದರೂ ಎದ್ದು ಹೋಗಿ ಬಾಗಿಲು ತೆಗೆಯಬೇಕು. ತೀರ್ಥಹಳ್ಳಿಯ ಮನೆಯಲ್ಲಾದರೆ ಬೆಕ್ಕುಗಳು ಹಂಚಿನ ಸಂದಿಯಲ್ಲೋ ಬಚ್ಚಲ ಕಿಟಕಿಯ ಸರಳುಗಳ ನಡುವೆಯೋ ದಾರಿ ಮಾಡಿಕೊಳ್ಳುತ್ತಿದ್ದವು. ಇಲ್ಲಿ ಚಳಿಗಾಳಿ ನುಸುಳಬಾರದೆಂದೇ ಬಾಗಿಲು ಮಾಡುತ್ತಾರೆ. ಜನವರಿಯ ಮಳೆಯಲ್ಲಿ ಅವಳು ನೆನೆಯುತ್ತಾ ಕೂತಿರುವುದನ್ನು ನೋಡಿದ ಮೇಲೆ ಕಿಂಡಿ ಮಾಡಿಸಲೇಬೇಕು ಅನ್ನಿಸಿತು.

ಮೊದಲು ಬಂದವನು ಡ್ರಿಲ್ ಹಿಡಿದು ಈಗಲೇ ತೂತು ಕೊರೆದುಕೊಡುತ್ತೇನೆ ಅಂದ. ಬೇಡವೇ ಬೇಡ ಅಂದು ಕಳಿಸಿದೆ. ನಮ್ಮ ಗಾಜಿನ ಮೂಲೆಯಲ್ಲಿ ಟಫನ್ಡ್ (ಕಾಯಿಸಿ ಬಲಪಡಿಸಿದ್ದು) ಎಂಬ ಸಣ್ಣ ಮುದ್ರೆ ಇದೆ. ಬಾಗಿಲುಗಳಲ್ಲಿ ನೆಲದಿಂದ 1500 ಮಿಲಿಮೀಟರ್ ಎತ್ತರದವರೆಗೆ ಒಡೆದರೂ ಜನರಿಗೆ ಅಪಾಯವಾಗದಂಥ ಗಾಜೇ ಇರಬೇಕೆಂದು ಇಲ್ಲಿಯ ಕಟ್ಟಡ ನಿಯಮ ಹೇಳುತ್ತದೆ. ಈ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಥಟ್ಟನೆ ಆರಿಸುತ್ತಾರೆ. ಹೊರಮೈ ಮೊದಲೇ ಗಟ್ಟಿಯಾಗಿ, ಒಳಗಿನದು ಆಮೇಲೆ ಆರುತ್ತಾ ಅದನ್ನು ಒಳಕ್ಕೆ ಎಳೆದು ಬಿಗಿ ಹಿಡಿಯುತ್ತದೆ. ಅದರ ಬಲವೆಲ್ಲ ಆ ಬಿಗಿತದಲ್ಲೇ. ಡ್ರಿಲ್ ಹೊರಮೈ ದಾಟಿತೆಂದರೆ ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಚೂರುಚೂರಾಗಿ ಉದುರುತ್ತದೆ.

ಹಾಗಾಗಿ ಗಾಜನ್ನು ಕಾಯಿಸುವ ಮೊದಲೇ, ಕಾರ್ಖಾನೆಯಲ್ಲೇ, ಎರಡೂ ಹಾಳೆಗೆ ತೂತು ಮಾಡಬೇಕು. ತೂತಿನ ಸುತ್ತಲೂ ಹಾಳೆಗಳ ನಡುವಿನ ಸಂದನ್ನು ಅಂಚಿನಲ್ಲಿ ಮಾಡಿದ ಹಾಗೇ ಭದ್ರವಾಗಿ ಮುಚ್ಚಬೇಕು, ಇಲ್ಲವಾದರೆ ತೇವ ಹೊಕ್ಕು ಒಳಗೆಲ್ಲ ಮಂಜು ಕಟ್ಟುತ್ತದೆ. ಅಂದರೆ ಹೊಸ ಗಾಜೇ ಮಾಡಿಸಬೇಕು. ಖರ್ಚು ಕಿಂಡಿಗಿಂತ ಗಾಜಿಗೇ ಹೆಚ್ಚು. ಇದೇ ಊರಿನ ಕ್ಯಾಥೆಡ್ರಲ್‌ನಲ್ಲಿ, ಖಗೋಳ ಗಡಿಯಾರದ ಕೆಳಗಿನ ಬಾಗಿಲಿಗೆ ಬೆಕ್ಕಿಗೆಂದೇ ಕೊರೆದ ದುಂಡು ತೂತಿದೆ. ಗಡಿಯಾರದ ಹಗ್ಗಕ್ಕೆ ಸವರಿದ ಕೊಬ್ಬಿನ ಆಸೆಗೆ ಇಲಿಗಳು ಬರುತ್ತಿದ್ದವಂತೆ. ಅದು ಮರ, ಬಡಗಿ ಕೊರೆದರೆ ಮುಗಿಯಿತು.

ಅಳತೆಗೆ ಬಂದ ಗಾಜಿನ ಕೆಲಸದ ಹಿರಿಯರ ಕೈಚಳಕ ನೋಡುವಂತಿತ್ತು. ಚಪ್ಪಟೆ ಅಲಗನ್ನು ಚೌಕಟ್ಟಿನಲ್ಲಿ ಗಾಜನ್ನು ಹಿಡಿದಿಡುವ ಉದ್ದದ ಪಟ್ಟಿಯ ನಡುಭಾಗದಲ್ಲಿ ತೂರಿಸಿ ಮೆಲ್ಲಗೆ ಮೀಟಿದರು, ಪಟ್ಟಿ ಬಿಲ್ಲಿನಂತೆ ಬಾಗಿ ಕಳಚಿಕೊಂಡಿತು. ಗಾಜಿನ ದಪ್ಪ 28 ಮಿಲಿಮೀಟರ್: ನಾಲ್ಕರ ಎರಡು ಹಾಳೆ, ನಡುವೆ ಇಪ್ಪತ್ತರ ಸಂದು. ನಾವು ತಂದ ಕಿಂಡಿಗೆ 212 ಮಿಲಿಮೀಟರ್ ಅಡ್ಡಳತೆಯ ತೂತು ಬೇಕು. ಇನ್ನು ಎತ್ತರ. ಚುಕ್ಕಿ ತಟ್ಟೆಯ ಮುಂದೆ ನಿಂತಿದ್ದಾಗ ನಾನೇ ಟೇಪು ಹಿಡಿದು ಅವಳ ಹೊಟ್ಟೆಯ ಮಟ್ಟ ಅಳೆದುಕೊಟ್ಟೆ. ಕಿಂಡಿಯ ತಳ ಅಲ್ಲಿಗೆ ಬರಬೇಕು. ಅದಕ್ಕಿಂತ ಮೇಲಾದರೆ ದಿನವೂ ಹಾರಿ ದಾಟಬೇಕು, ವಯಸ್ಸಾದ ಮೇಲೆ ಕಷ್ಟ.

ಮೈಕ್ರೋಚಿಪ್, ಅಂದರೆ ಬೆಕ್ಕಿನ ಚರ್ಮದಡಿ ಹಾಕುವ ಗುರುತಿನ ಸಂಖ್ಯೆಯ ಚಿಪ್, ಓದುವ ಕಿಂಡಿಯನ್ನೇ ಆರಿಸಿದೆವು. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ 20 ವಾರ ತುಂಬುವುದರೊಳಗೆ ಸಾಕುಬೆಕ್ಕಿಗೆ ಚಿಪ್ ಹಾಕಿಸುವುದು ಕಡ್ಡಾಯ, ಚುಕ್ಕಿಗೂ ಇದೆ. ಗುಂಡಿ ಒತ್ತಿ ಅವಳನ್ನು ಒಮ್ಮೆ ದಾಟಿಸಿದರೆ ಅವಳ ಚಿಪ್‌ನ ಸಂಖ್ಯೆ ಅದಕ್ಕೆ ನೆನಪಿರುತ್ತದೆ. ಪಕ್ಕದ ಮನೆಯ ಗಡವ ಬೆಕ್ಕು ಬಂದು ಎಷ್ಟು ತಲೆ ಗುದ್ದಿದರೂ ತೆರೆಯುವುದಿಲ್ಲ.

ಚುಕ್ಕಿಗೆ ಮಾತ್ರ ಬೀಗ ಬಿಚ್ಚುವ ಟಿಕ್ ಶಬ್ದಕ್ಕೆ ಭಯ. ಮೊದಲು ಮುಚ್ಚಳವನ್ನು ಟೇಪು ಹಚ್ಚಿ ಎತ್ತಿ ನಿಲ್ಲಿಸಿ ಆಚೆ ಬದಿ ಸಿಗಡಿ ಇಟ್ಟೆವು. ಆಮೇಲೆ ದಿನಕ್ಕಿಷ್ಟು ಇಳಿಸುತ್ತಾ ಬಂದೆವು. ತಳ್ಳಬೇಡಿ, ಎತ್ತಿ ತೂರಿಸಬೇಡಿ, ಅವಳಾಗಿ ಬರಲಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಹಾಗೇ ಬಂದಳು.

ಹಳೆಯ ಗಾಜನ್ನು ಕಂಬಳಿ ಸುತ್ತಿ ಗ್ಯಾರೇಜಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇವೆ. ಮನೆ ಬಿಡುವಾಗ ಅದನ್ನೇ ಮತ್ತೆ ಕೂರಿಸಿಕೊಡಬೇಕು ಎಂಬ ಷರತ್ತಿನ ಮೇಲೆ ಓನರ್ ಒಪ್ಪಿಗೆ ಬರೆದುಕೊಟ್ಟಿದ್ದು. ಬಾಡಿಗೆ ಮನೆಯಲ್ಲಿರುವವರು ಆ ಕಾಗದ ಕೈಗೆ ಬಂದ ಮೇಲೆಯೇ ಗಾಜಿಗೆ ಆರ್ಡರ್ ಕೊಡಿ.