ಎಮ್ಮಾಹುವಿಗೆ ಹೊರಟವರಿಗೆ

ಎಮ್ಮಾಹು ಎಂದರೆ ಯೇಸುವಿನ ಇಬ್ಬರು ಶಿಷ್ಯರು ನಡೆದು ಹೋದರೆಂದು ಬೈಬಲ್ ಹೇಳುವ ಊರು. ಅಲ್ಲಿಗೆ ಹೋಗಬೇಕೆಂದುಕೊಂಡವರು ಮನೆ ಬಿಡುವ ಮೊದಲೇ ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ಯಾವ ಎಮ್ಮಾಹುವಿಗೆ? ಜೆರುಸಲೇಮಿನ ಪಶ್ಚಿಮಕ್ಕೂ ವಾಯವ್ಯಕ್ಕೂ ಹರಡಿಕೊಂಡಿರುವ ನಾಲ್ಕು ಜಾಗಗಳನ್ನು ಬೇರೆ ಬೇರೆ ಕಾಲದವರು ಆ ಊರೆಂದು ಗುರುತಿಸಿದ್ದಾರೆ. ನಮಗೆ ಇದು ತಿಳಿದಿರಲಿಲ್ಲ. ಅಕ್ಕನೂ ನಾನೂ ಮಂಗಳೂರಿನಿಂದ ಒಂದು ತಂಡದ ಜೊತೆ ಪುಣ್ಯಭೂಮಿಯ ಯಾತ್ರೆಗೆ ಹೋಗಿದ್ದೆವು. ಕೈಗೆ ಕೊಟ್ಟ ಪಟ್ಟಿಯಲ್ಲಿ ಎಮ್ಮಾಹು ಎಂದಷ್ಟೇ ಇತ್ತು. ಬಸ್ಸು ಒಂದು ಚರ್ಚಿನ ಮುಂದೆ ಮೂವತ್ತೈದು ನಿಮಿಷ ನಿಂತಿತು. ಫೋಟೊ, ಶೌಚಾಲಯದ ಸಾಲು, ಮತ್ತೆ ಬಸ್ಸು. ಅಂದು ರಾತ್ರಿ ಅಕ್ಕನಿಗೆ ಊಟ ಸೇರಲಿಲ್ಲ. "ಅವರಿಬ್ಬರೂ ನಡೆದುಕೊಂಡು ಹೋದ ಊರು ಅದು, ತಮ್ಮಾ. ನಾವು ಕಿಟಕಿಯಿಂದ ನೋಡಿ ಬಂದೆವು" ಎಂದಳು. ತಂಡ ಮರಳಿದ ಮೇಲೆ ನಾವಿಬ್ಬರೂ ಮೂರು ದಿನ ಹೆಚ್ಚಿಗೆ ಉಳಿದೆವು. ಇಲ್ಲಿ ಬರೆದಿರುವುದು ಆ ಮೂರು ದಿನಗಳ ಅನುಭವ.

ಹೀಗೆ ಉಳಿಯುವ ಯೋಚನೆ ಇದ್ದರೆ ಊರಲ್ಲಿರುವಾಗಲೇ ಏಜೆಂಟರಿಗೆ ತಿಳಿಸಿ, ತಂಡದ ವೀಸಾದ ಬದಲು ಬಿಡಿ ವೀಸಾ ಮಾಡಿಸಿಕೊಳ್ಳಿ. ಆ ನಾಡಿನ ಪರಿಸ್ಥಿತಿ ಯಾವಾಗ ಬೇಕಾದರೂ ಬದಲಾಗುತ್ತದೆ. ಭಾರತ ಸರ್ಕಾರದ ಸೂಚನೆಗಳನ್ನು ಓದದೆ ಹಣ ಕಟ್ಟಬೇಡಿ.

ಲೂಕನ ಸುವಾರ್ತೆಯ 24ನೆಯ ಅಧ್ಯಾಯವನ್ನು ಹೊರಡುವ ಮುನ್ನ ಮತ್ತೊಮ್ಮೆ ಓದಿಕೊಂಡರೆ ಒಳ್ಳೆಯದು. ಯೇಸು ಪುನರುತ್ಥಾನನಾದ ದಿನ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾಹುವಿನ ಕಡೆ ನಡೆಯುತ್ತಿದ್ದಾರೆ. ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬನ ಹೆಸರನ್ನು ಲೂಕ ಹೇಳುವುದಿಲ್ಲ. ದಾರಿಯಲ್ಲಿ ಜೊತೆಗೂಡಿದ ಅಪರಿಚಿತ ಯಾರೆಂಬುದು ಅವರಿಗೆ ತಿಳಿಯುವುದು ಸಂಜೆ ಊಟಕ್ಕೆ ಕುಳಿತು ಅವನು ರೊಟ್ಟಿ ಮುರಿದಾಗ. ತಿಳಿದ ಗಳಿಗೆಯಲ್ಲೇ ಎದ್ದು, ಬಂದ ದಾರಿಯಲ್ಲೇ ಜೆರುಸಲೇಮಿಗೆ ಹಿಂದಿರುಗುತ್ತಾರೆ. ಹಾಗಾದರೆ ಊರು ಎಷ್ಟು ದೂರ? ಹೆಚ್ಚಿನ ಹಸ್ತಪ್ರತಿಗಳಲ್ಲಿ 60 ಸ್ತಾದಿಯ ಎಂದಿದೆ. ಸ್ತಾದಿಯ ಎಂಬುದು ಹಳೆಯ ಗ್ರೀಕ್ ದೂರದ ಅಳತೆ; ಅರವತ್ತು ಅಂದರೆ ಸುಮಾರು 11 ಕಿಲೋಮೀಟರ್. ಆದರೆ ನಾಲ್ಕನೆಯ ಶತಮಾನದ ಸಿನಾಯ್ ಹಸ್ತಪ್ರತಿಯೂ ಸೇರಿದಂತೆ ಕೆಲವುಗಳಲ್ಲಿ 160 ಎಂದಿದೆ, ಅಂದರೆ ಸುಮಾರು 30 ಕಿಲೋಮೀಟರ್. ಬೆಜಾ ಹಸ್ತಪ್ರತಿಯಲ್ಲಂತೂ ಊರಿನ ಹೆಸರೇ ಬೇರೆ, ಊಲಮ್ಮೌಸ್ ಎಂದಿದೆ. ನೂರು ಸ್ತಾದಿಯ ಕೂಡಿದರೆ ಊರು ಬೆಟ್ಟದಿಂದ ಬಯಲಿಗೆ ಇಳಿದುಬಿಡುತ್ತದೆ. ನಿಮ್ಮ ಪ್ರವಾಸದ ದಾರಿಯೂ ಇದರ ಮೇಲೆಯೇ ನಿಂತಿದೆ.

ಎಲ್ಲಕ್ಕಿಂತ ಹತ್ತಿರದ್ದು ಮೋಟ್ಸಾ, ಜೆರುಸಲೇಮಿನ ಅಂಚಿನ ಕಣಿವೆ. ಜೆರುಸಲೇಮಿನಿಂದ 30 ಸ್ತಾದಿಯ ದೂರದ ಅಮ್ಮೌಸ್ ಎಂಬಲ್ಲಿ ರೋಮ್ ಚಕ್ರವರ್ತಿ ವೆಸ್ಪಾಸಿಯನ್ ತನ್ನ 800 ನಿವೃತ್ತ ಸೈನಿಕರಿಗೆ ನೆಲೆ ಕೊಟ್ಟನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂಥ ವಸಾಹತಿಗೆ ಲ್ಯಾಟಿನ್‌ನಲ್ಲಿ ಕೊಲೋನಿಯಾ ಎನ್ನುತ್ತಾರೆ. ಅದೇ ಸವೆದು ಕಲೂನಿಯಾ ಎಂಬ ಅರಬ್ ಹಳ್ಳಿಯ ಹೆಸರಾಗಿ 1948ರವರೆಗೂ ಬಾಳಿತು. ಲೂಕ ಹೇಳಿದ 60 ಸ್ತಾದಿಯ ಹೋಗಿ ಬರುವ ಒಟ್ಟು ದೂರ ಎಂದು ಈ ಪಕ್ಷದವರು ಹೇಳುತ್ತಾರೆ. ವಾದದಲ್ಲಿ ಹುರುಳಿದೆ, ಆದರೆ ಯಾತ್ರಿಕರು ಕುಳಿತು ಧ್ಯಾನಿಸುವಂಥ ಜಾಗ ನಮಗೆ ಅಲ್ಲಿ ಸಿಗಲಿಲ್ಲ. ಹೆದ್ದಾರಿಯ ಸದ್ದು ಬಿಡುವುದಿಲ್ಲ. ಸಮಯ ಕಡಿಮೆ ಇದ್ದವರು ಮೋಟ್ಸಾವನ್ನು ಬಿಡಬಹುದು.

ಎಲ್ ಕುಬೈಬೆ ಪಶ್ಚಿಮ ದಂಡೆಯಲ್ಲಿದೆ, ದೂರ ಸರಿಯಾಗಿ 60 ಸ್ತಾದಿಯಕ್ಕೆ ಕೂಡಿಬರುತ್ತದೆ. ಫ್ರಾನ್ಸಿಸ್ಕನ್ನರ ಚರ್ಚು ಅಲ್ಲಿದೆ. ಒಳಗೆ ಉಳಿಸಿಕೊಂಡಿರುವ ಹಳೆಯ ಗೋಡೆಯ ತುಂಡನ್ನು ಕ್ಲೆಯೋಫನ ಮನೆಯದೆಂದು ಗೌರವಿಸುತ್ತಾರೆ. ನಾವಿದ್ದ ದಿನಗಳಲ್ಲಿ ದಾರಿಯ ತಪಾಸಣಾ ಠಾಣೆ ಮುಚ್ಚಿದ್ದರಿಂದ ಹೋಗಲಾಗಲಿಲ್ಲ, ಅಕ್ಕನಿಗೆ ಅದರ ಕೊರಗು ಈಗಲೂ ಇದೆ. ಈಸ್ಟರ್ ಮರುದಿನದ ಸೋಮವಾರ ಫ್ರಾನ್ಸಿಸ್ಕನ್ ಗುರುಗಳು ಜೆರುಸಲೇಮಿನಿಂದ ಅಲ್ಲಿಗೆ ಹೋಗಿ ಬಲಿಪೂಜೆ ಅರ್ಪಿಸುತ್ತಾರೆ. ಆ ಸಮಯಕ್ಕೆ ಅಲ್ಲಿದ್ದರೆ ಅವರ ಜೊತೆ ಸೇರಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.

ಅಬು ಘೋಷ್‌ಗೆ ಮಾತ್ರ ಅರ್ಧ ದಿನವನ್ನಾದರೂ ಕೊಡಿ. ಜೆರುಸಲೇಮಿನಿಂದ ಬಸ್ಸಿದೆ. 12ನೆಯ ಶತಮಾನದಲ್ಲಿ, ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದಿದ್ದ ಕ್ರುಸೇಡರುಗಳು ಇದನ್ನೇ ಎಮ್ಮಾಹು ಎಂದು ನಂಬಿ, ಒಂದು ಚಿಲುಮೆಯ ಮೇಲೆ ಚರ್ಚು ಕಟ್ಟಿದರು. ಈಗ ಬೆನೆಡಿಕ್ಟೈನ್ ಮಠದವರು ಅದನ್ನು ನೋಡಿಕೊಳ್ಳುತ್ತಾರೆ. ಗೋಡೆಗಳು ಕೋಟೆಯಷ್ಟು ದಪ್ಪ. ಒಳಗೆ ಹಳೆಯ ಭಿತ್ತಿಚಿತ್ರಗಳಿವೆ, ಸಂತರ ಮುಖಗಳನ್ನು ಯಾವುದೋ ಕಾಲದಲ್ಲಿ ಕೆರೆದು ಹಾಕಿದ್ದಾರೆ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ಕತ್ತಲಲ್ಲಿ ಆ ಚಿಲುಮೆ ಇನ್ನೂ ಇದೆ. ರೋಮನ್ನರ ಹತ್ತನೆಯ ಸೇನಾದಳದ ಹೆಸರು ಕೆತ್ತಿದ ಕಲ್ಲೊಂದು ಹೊರಗಿನ ಗೋಡೆಯಲ್ಲಿದೆ, ಹುಡುಕಿ ನೋಡಿ. ಮಧ್ಯಾಹ್ನ ಬಾಗಿಲು ಮುಚ್ಚುತ್ತಾರೆ, ಭಾನುವಾರ ಪ್ರವಾಸಿಗರಿಗೆ ಪ್ರವೇಶ ನೆಚ್ಚಿಕೊಳ್ಳಬೇಡಿ. ಊರಿನ ಮೇಲಿನ ಗುಡ್ಡ ಹಳೆಯ ಒಡಂಬಡಿಕೆಯ ಕಿರ್ಯಾತ್ಯಾರೀಮ್, ಹತ್ತು ಆಜ್ಞೆಗಳ ಕಲ್ಲುಹಲಗೆಗಳಿದ್ದ ಪವಿತ್ರ ಮಂಜೂಷವನ್ನು ಇಪ್ಪತ್ತು ವರ್ಷ ಇರಿಸಿದ್ದ ಜಾಗ. ಅಲ್ಲಿ 2017ರಿಂದ ಅಗೆದ ಪುರಾತತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ಮತ್ತು ಬೈಬಲ್ ವಿದ್ವಾಂಸ ಥಾಮಸ್ ರೋಮರ್, ಗ್ರೀಕ್ ಆಳ್ವಿಕೆಯ ಕಾಲದ ಕೋಟೆಗೋಡೆಯ ಕುರುಹುಗಳನ್ನು ನೋಡಿ, ಈ ಗುಡ್ಡವೇ ಎಮ್ಮಾಹು ಇರಬಹುದೆಂದು ಸೂಚಿಸಿದರು. ಎರಡು ಸಾವಿರ ವರ್ಷದ ಚರ್ಚೆ ಇನ್ನೂ ಮುಗಿದಿಲ್ಲ ಎಂಬುದು ನನಗೆ ಅಲ್ಲಿ ನಿಂತಾಗ ತುಂಬ ಸಂತೋಷ ಕೊಟ್ಟಿತು.

ಎರಡನೆಯ ದಿನ ನಡಿಗೆ. ಅಬು ಘೋಷ್‌ನ ಸಾಕ್ಸಮ್ ಎಂಬ ಯಾತ್ರಿಕರ ಕೇಂದ್ರದಿಂದ ನಾಲ್ಕನೆಯ ಜಾಗವಾದ, ಲಟ್ರೂನ್ ಬಳಿಯ ಎಮ್ಮಾಹು ನಿಕೊಪೊಲಿಸ್‌ವರೆಗೆ ಸುಮಾರು 20 ಕಿಲೋಮೀಟರಿನ ಕಾಲುದಾರಿ ಇದೆ. ಹೆಚ್ಚಿನದು ಇಳಿಜಾರು: ಪೈನ್ ತೋಪು, ಕಲ್ಲು ಕಟ್ಟಿದ ಮೆಟ್ಟಿಲುಗದ್ದೆ, ಆಲಿವ್ ಮರ, ಬಾದಾಮಿ ಮರ. ಅಕ್ಕನಿಗೆ ಐವತ್ತೆಂಟು, ನಮಗೆ ಏಳೂವರೆ ಗಂಟೆ ಹಿಡಿಯಿತು. ಬೆಳಗ್ಗೆ ಏಳಕ್ಕೇ ಹೊರಡಿ. ನೀರು ತಲೆಗೆ ಮೂರು ಲೀಟರ್ ಒಯ್ಯಿರಿ, ನಡುವೆ ಅಂಗಡಿ ಸಿಗಲಿಲ್ಲ. ಹಿಡಿತವಿರುವ ಬೂಟು ಬೇಕು, ಚಪ್ಪಲಿ ಸಾಲದು. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಒಂದು ಕಡೆ ಗುರುತಿನ ಕಲ್ಲು ಕಾಣದೆ ನಾವು ಅರ್ಧ ಗಂಟೆ ಕಳೆದುಕೊಂಡೆವು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೋದರೆ ದಾರಿಯುದ್ದಕ್ಕೂ ಕೆಂಪು ಅನಿಮೋನ್ ಹೂವು. ಬೇಸಿಗೆಯಲ್ಲಿ ಈ ನಡಿಗೆಯನ್ನು ಯಾರಿಗೂ ಹೇಳಲಾರೆ. ಶುಕ್ರವಾರ ಮಾತ್ರ ಬೇಡ. ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ, ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಪ್ರಯುಕ್ತ, ಬಸ್ಸುಗಳು ನಿಂತುಹೋಗುತ್ತವೆ, ಹಿಂದಿರುಗಲು ಟ್ಯಾಕ್ಸಿಯೇ ಗತಿ.

ಗ್ರಂಥಗಳಲ್ಲಿ ಓದಿದ ವಾದಗಳನ್ನು ಆ ದಾರಿ ತೂಗಿ ನೋಡುತ್ತದೆ. ಕೊನೆಯ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡು ಕುಳಿತ ಅಕ್ಕ, "ಜೆರುಸಲೇಮಿನಿಂದ ಇಲ್ಲಿಗೆ ನಡೆದು, ಊಟಕ್ಕೆ ಕುಳಿತು, ಮತ್ತೆ ಅಷ್ಟೇ ದೂರ ರಾತ್ರಿಯಲ್ಲಿ ಹತ್ತಿಕೊಂಡು ಹೋದರೇ?" ಎಂದು ಕೇಳಿದಳು. ನಿಕೊಪೊಲಿಸ್ ವಿರುದ್ಧ ವಿದ್ವಾಂಸರು ಎತ್ತುವ ಮುಖ್ಯ ಆಕ್ಷೇಪವೇ ಇದು: ಹೋಗಿ ಬರಲು 60 ಕಿಲೋಮೀಟರ್. ನನ್ನ ಕಾಲು ಅಬು ಘೋಷ್ ಪರ ನಿಲ್ಲುತ್ತದೆ. ಆದರೆ ಮನಸ್ಸು ನಿಕೊಪೊಲಿಸ್ ಪರ, ಏಕೆಂದರೆ ಹಳೆಯ ಹೆಸರು ಅಲ್ಲಿಯೇ ಉಳಿದಿತ್ತು.

ಮೂರನೆಯ ದಿನವನ್ನು ಪೂರ್ತಿ ಅಲ್ಲಿಗೇ ಇಟ್ಟುಕೊಂಡೆವು; ನೀವೂ ಹಾಗೆಯೇ ಮಾಡಿ. ನಡೆಯಲಾಗದವರು ಜೆರುಸಲೇಮಿನಿಂದ ಲಟ್ರೂನ್ ಕೂಡುರಸ್ತೆಯವರೆಗೆ ಬಸ್ಸಿನಲ್ಲಿ ಬರಬಹುದು. ಯಹೂದಿ ಸೇನಾನಿ ಜುದಾಸ್ ಮಕ್ಕಬಿ ಗ್ರೀಕರ ಸೈನ್ಯವನ್ನು ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಸೋಲಿಸಿದ್ದು ಈ ಬಯಲಿನಲ್ಲೇ. ಕ್ರಿ.ಪೂ. 4ರಲ್ಲಿ ರೋಮನ್ ಅಧಿಕಾರಿ ವರುಸ್ ಊರನ್ನು ಸುಟ್ಟುಹಾಕಿದ. ಸುಮಾರು ಕ್ರಿ.ಶ. 221ರಲ್ಲಿ ಜೂಲಿಯಸ್ ಆಫ್ರಿಕಾನಸ್ ಎಂಬ ವಿದ್ವಾಂಸ ಊರಿನ ಪರವಾಗಿ ರೋಮ್ ಚಕ್ರವರ್ತಿಯ ಬಳಿ ಹೋಗಿ, ನಗರದ ಸ್ಥಾನವನ್ನೂ ನಿಕೊಪೊಲಿಸ್ ಎಂಬ ಹೊಸ ಹೆಸರನ್ನೂ ತಂದ. ಕನ್ನಡದಲ್ಲಿ ಹೇಳುವುದಾದರೆ ವಿಜಯನಗರ. ಹಳೆಯ ಕ್ರೈಸ್ತ ವಿದ್ವಾಂಸರಾದ ಯುಸೇಬಿಯಸ್ ಮತ್ತು ಜೆರೋಮ್ ಇಬ್ಬರಿಗೂ ಲೂಕನ ಎಮ್ಮಾಹು ಇದೇ. ಬೈಜಾಂಟಿಯನ್ ಕಾಲದ ದೊಡ್ಡ ಚರ್ಚಿನ ಅಡಿಪಾಯದ ಒಳಗೆ ಕ್ರುಸೇಡರುಗಳ ಚಿಕ್ಕ ಚರ್ಚು ನಿಂತಿರುವುದನ್ನು ಬರಿಗಣ್ಣಿಗೇ ಕಾಣಬಹುದು; ಪಕ್ಕದಲ್ಲಿ ದೀಕ್ಷಾಸ್ನಾನದ ತೊಟ್ಟಿ, ನೆಲದ ಮೊಸಾಯಿಕ್.

ಮಂಗಳೂರಿನವರಾದ ನಮಗೆ ಆ ಅಂಗಳದಲ್ಲಿ ಇನ್ನೊಂದು ಕಾರಣಕ್ಕೂ ಕಣ್ಣು ತುಂಬಿ ಬಂತು. ಈ ಜಾಗ ಮರೆವಿನಿಂದ ಎದ್ದು ಬಂದದ್ದು ಸಂತ ಮರಿಯಂ ಬವಾರ್ದಿಯಿಂದ. ಗಲಿಲಾಯದ ಬಡ ಅರಬ್ ಕುಟುಂಬದಲ್ಲಿ 1846ರಲ್ಲಿ ಹುಟ್ಟಿದ ಈಕೆ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಭೆ ಸೇರಿ, 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು ಬಂದ ಗುಂಪಿನಲ್ಲಿದ್ದರು. 1871ರಲ್ಲಿ ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲೇ. ಬಳಿಕ ಬೆತ್ಲೆಹೇಮಿಗೆ ಹೋದ ಅವರು 1878ರಲ್ಲಿ, ನಜರೇತಿನ ಪ್ರಯಾಣದ ನಡುವೆ, ಕಾಡು ಬೆಳೆದ ಈ ದಿಬ್ಬವನ್ನು ತೋರಿಸಿ ಎಮ್ಮಾಹು ಇದೇ ಎಂದರು. ಕಾರ್ಮೆಲ್ ಸಭೆ ಅದನ್ನು ಕೊಂಡುಕೊಂಡಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮರಿಯಂ ತೀರಿಕೊಂಡರು. ಡೊಮಿನಿಕನ್ ಸಭೆಯ ಫ್ರೆಂಚ್ ಗುರುಗಳಾದ ವಿನ್ಸೆಂಟ್ ಮತ್ತು ಆಬೆಲ್ ಇಲ್ಲಿ ವಿಧಿವತ್ತಾಗಿ ಅಗೆದದ್ದು 1920ರ ದಶಕದಲ್ಲಿ. ಮರಿಯಂ ಅವರನ್ನು 2015ರಲ್ಲಿ ಸಂತ ಪದವಿಗೇರಿಸಲಾಯಿತು. ಕಂಕನಾಡಿಯ ಕಾರ್ಮೆಲ್ ಮಠಕ್ಕೆ ಚಿಕ್ಕಂದಿನಿಂದ ಹೋಗುತ್ತಿದ್ದ ಅಕ್ಕನಿಗೆ ಈ ನಂಟು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಈಗ ಹೆಸರಿನ ಮಾತು. ಎಮ್ಮಾಹು ಎಂಬುದು ಹೀಬ್ರೂವಿನ ಹಮ್ಮತ್, ಅಂದರೆ ಬಿಸಿನೀರಿನ ಬುಗ್ಗೆ, ಎಂಬುದರಿಂದ ಬಂತೆಂದು ಹೆಚ್ಚಿನವರು ಹೇಳುತ್ತಾರೆ. ಸ್ನಾನಗೃಹಕ್ಕೆ ಅರಬ್ಬಿಯಲ್ಲಿ ಹಮ್ಮಾಮ್ ಎನ್ನುವುದೂ ಅದೇ ಮೂಲದ್ದು. ನಮ್ಮ ಬಚ್ಚಲಿನ ಹಮಾಮ್ ಸೋಪನ್ನು ನೆನೆಸಿಕೊಂಡರೆ ಪದ ಹತ್ತಿರವಾಗುತ್ತದೆ. ಊರಿನ ಒಳ್ಳೆಯ ನೀರಿನ ಬಗ್ಗೆ ಯಹೂದಿ ಗುರುಗಳ ಮಾತುಗಳಲ್ಲೂ ಉಲ್ಲೇಖವಿದೆ. ಯೇಸು ಕಾಲು ತೊಳೆದುಕೊಂಡ ಚಿಲುಮೆ ಇಲ್ಲಿದ್ದು ರೋಗಗಳನ್ನು ವಾಸಿ ಮಾಡುತ್ತಿತ್ತೆಂದು ಐದನೆಯ ಶತಮಾನದ ಇತಿಹಾಸಕಾರ ಸೊಜೊಮೆನ್ ಬರೆದಿದ್ದಾನೆ. ಆದರೆ ಒಂದು ತೊಡಕಿದೆ. ಇಲ್ಲಿನ ಅರಬ್ ಹಳ್ಳಿಯ ಹೆಸರು ಇಮ್ವಾಸ್. ಅದು 'ಹ'ಕಾರದಿಂದಲ್ಲ, ಗಂಟಲಿನಾಳದ 'ಐನ್' ಅಕ್ಷರದಿಂದ ಶುರುವಾಗುತ್ತದೆ. ನಾವು ಮುಟ್ಟಿದ ನೀರೂ ತಣ್ಣಗೇ ಇತ್ತು. ಇಷ್ಟಂತೂ ನಿಜ: ಚಕ್ರವರ್ತಿ ಕೊಟ್ಟ ನಿಕೊಪೊಲಿಸ್ ನಾಲಗೆಯಿಂದ ಜಾರಿಹೋಯಿತು, ಹಳೆಯ ಎಮ್ಮಾಹು ಇಮ್ವಾಸ್ ಆಗಿ ರೈತರ ಬಾಯಲ್ಲಿ ಉಳಿಯಿತು. 639ರ ಭೀಕರ ಪಿಡುಗನ್ನು ಅರಬ್ ಇತಿಹಾಸಕಾರರು ಇಮ್ವಾಸ್ ಪಿಡುಗು ಎಂದೇ ಕರೆಯುತ್ತಾರೆ. ಪ್ರವಾದಿ ಮುಹಮ್ಮದರ ಸಂಗಾತಿ ಅಬು ಉಬೈದಾ ತೀರಿಕೊಂಡದ್ದು ಅದರಲ್ಲಿ.

ಆದ್ದರಿಂದ ಚರ್ಚು ನೋಡಿ ಹಿಂದಿರುಗಬೇಡಿ, ಪಕ್ಕದ ಕೆನಡಾ ಪಾರ್ಕಿಗೆ ಹೋಗಿ. ಆ ಹೆಸರನ್ನು ಉಳಿಸಿಕೊಂಡು ಬಂದ ಜನರ ಹಳ್ಳಿ ಅಲ್ಲಿತ್ತು. 1967ರ ಜೂನ್ ಯುದ್ಧದ ವೇಳೆ ಇಸ್ರೇಲಿ ಸೈನ್ಯ ಇಮ್ವಾಸ್, ಯಾಲೋ ಮತ್ತು ಬೈತ್ ನೂಬಾ ಹಳ್ಳಿಗಳ ಜನರನ್ನು ಹೊರಹಾಕಿ, ಮನೆಗಳನ್ನು ನೆಲಸಮ ಮಾಡಿತು. ಬಳಿಕ ಕೆನಡಾದವರ ದೇಣಿಗೆಯಿಂದ ಉದ್ಯಾನ ಬೆಳೆಯಿತು. ರೋಮನ್ ಸ್ನಾನಗೃಹ ಚೆನ್ನಾಗಿ ಉಳಿದಿದೆ. ಹಳ್ಳಿಯವರು ಅದನ್ನು ಸಂತನ ಸಮಾಧಿಯೆಂದು ಗೌರವಿಸುತ್ತಿದ್ದರು. ಅಲ್ಲಿಂದ ಮೇಲೆ ನಡೆದರೆ ಗೋರಿಗಳು, ಪಾಪಾಸುಕಳ್ಳಿಯ ಹಳೆಯ ಬೇಲಿಗಳು, ಯಾರೂ ಕೊಯ್ಯದ ಬಾದಾಮಿ. ಬೇಲಿ ಇದ್ದಲ್ಲಿ ಮನೆ ಇತ್ತೆಂದು ತಿಳಿಯಿರಿ. ಒಂದು ಬೇಲಿಯ ಪಕ್ಕ ನಾವು ಬುತ್ತಿ ಬಿಚ್ಚಿ, ಮುಚ್ಚಿ, ಸ್ವಲ್ಪ ದೂರ ಹೋಗಿ ತಿಂದೆವು. ಎಮ್ಮಾಹುವಿನ ಕಥೆ ಅಪರಿಚಿತನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದ ಕಥೆ. ಆ ಅಂಗಳದಲ್ಲಿ ಕರೆಯುವವರೇ ಇರಲಿಲ್ಲ.

ಹಿಂದಿರುಗುವಾಗ ರಸ್ತೆಯಾಚೆಯ ಟ್ರಾಪಿಸ್ಟ್ ಮಠದ ಅಂಗಡಿಯಲ್ಲಿ ಸನ್ಯಾಸಿಗಳು ತಯಾರಿಸಿದ ಆಲಿವ್ ಎಣ್ಣೆ ಸಿಗುತ್ತದೆ. ಸಂಜೆಗೆ ಮೊದಲೇ ಹೋಗಿ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುತ್ತಾರೆ. ಅಕ್ಕ ಎರಡು ಸೀಸೆ ತಂದಳು. ಒಂದು ನಮ್ಮ ಅಡುಗೆಮನೆಯಲ್ಲಿದೆ, ಇನ್ನೊಂದನ್ನು ಮಂಗಳೂರಿಗೆ ಬಂದ ಮರುದಿನವೇ ಕಂಕನಾಡಿಗೆ ಒಯ್ದು ಮಠದ ಬಾಗಿಲಲ್ಲಿ ಕೊಟ್ಟು ಬಂದಳು.