ಸ್ಟಾಂಪೊಟ್ ಪಕ್ಕದಲ್ಲಿ ಏನಿಡಬೇಕು: ಡಚ್ ಕ್ಯಾಂಟೀನಿನ ಅಡುಗೆಮನೆಯಲ್ಲಿ ಕಲಿತದ್ದು

ನೆದರ್‌ಲ್ಯಾಂಡ್ಸ್‌ನ ಒಂದು ದೊಡ್ಡ ಕಚೇರಿಯ ಕ್ಯಾಂಟೀನಿನಲ್ಲಿ ನಾನು ಆರು ವರ್ಷಗಳಿಂದ ಅಡುಗೆ ಕೆಲಸದಲ್ಲಿದ್ದೇನೆ. ಮಧ್ಯಾಹ್ನ ಬ್ರೆಡ್ಡು ತಿಂದು ರಾತ್ರಿ ಬಿಸಿ ಊಟ ಮಾಡುವುದು ಈ ದೇಶದ ರೂಢಿಯಾದರೂ, ಚಳಿಗಾಲದಲ್ಲಿ ನಾವು ಸ್ಟಾಂಪೊಟ್ ಮಾಡುವ ದಿನ ಮಾತ್ರ ಮಧ್ಯಾಹ್ನದ ಸಾಲು ಬಾಗಿಲಿನವರೆಗೆ ಬೆಳೆಯುತ್ತದೆ. ಬೇಯಿಸಿದ ಆಲೂಗಡ್ಡೆಗೆ ಯಾವುದಾದರೂ ಒಂದು ತರಕಾರಿ, ಬಿಸಿ ಹಾಲು, ಬೆಣ್ಣೆ, ತುರಿದ ಜಾಯಿಕಾಯಿ ಸೇರಿಸಿ ಒರಟಾಗಿ ಹಿಸುಕಿದರೆ ಅದೇ ಸ್ಟಾಂಪೊಟ್. ಕೇಲ್ ಸೊಪ್ಪು ಹಾಕಿದ್ದು ಎಲ್ಲಕ್ಕಿಂತ ಜನಪ್ರಿಯ; ಹಿಮ ಬಿದ್ದ ಮೇಲೆ ಕೊಯ್ದ ಕೇಲ್ ಹೆಚ್ಚು ಸಿಹಿ, ಏಕೆಂದರೆ ಚಳಿಗೆ ಸಿಕ್ಕ ಗಿಡ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಹುಳಿ ಬರಿಸಿದ ಎಲೆಕೋಸಿನದು ಇನ್ನೊಂದು ಬಗೆ, ಹಸಿ ಎಂಡೈವ್ ಸೊಪ್ಪನ್ನು ಕೊನೆಗೆ ಬೆರೆಸುವುದು ಮತ್ತೊಂದು. ಕ್ಯಾರೆಟ್ ಮತ್ತು ಈರುಳ್ಳಿಯದಕ್ಕೆ ಹಟ್ಸ್‌ಪಾಟ್ ಎಂಬ ಬೇರೆಯೇ ಹೆಸರಿದೆ.

ಈ ಊಟದ ಪಕ್ಕದಲ್ಲಿ ತಲೆಮಾರುಗಳಿಂದ ಇರುತ್ತ ಬಂದಿರುವುದು ಹೊಗೆಯಲ್ಲಿ ಹದಗೊಳಿಸಿದ ಸಾಸೇಜ್, ಹುರಿದ ಹಂದಿಮಾಂಸದ ಸಣ್ಣ ತುಂಡುಗಳು ಮತ್ತು ಮಾಂಸದ ರಸದಿಂದ ಮಾಡಿದ ಗ್ರೇವಿ. ಆಲೂಗಡ್ಡೆಯ ಗುಡ್ಡೆಯ ನಡುವೆ ಸೌಟಿನಿಂದ ಒಂದು ಗುಣಿ ಮಾಡಿ ಆ ಗ್ರೇವಿಯನ್ನು ಅದರಲ್ಲಿ ನಿಲ್ಲಿಸುತ್ತಾರೆ. ಅನ್ನದ ನಡುವೆ ಗುಣಿ ಮಾಡಿ ಸಾರು ಹಾಕಿಸಿಕೊಂಡು ಬೆಳೆದ ನಮಗೆ ಅದರ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯಾಹಾರಿಗಳ ತಟ್ಟೆಯ ಹೊಣೆ ನನಗೆ ಬಂದದ್ದು ಮೊದಲ ಚಳಿಗಾಲದಲ್ಲಿಯೇ. ಭಾರತದವಳು ಎಂಬ ಒಂದೇ ಕಾರಣಕ್ಕೆ ಅದನ್ನು ನನಗೆ ವಹಿಸಿದರು, ನಾನೂ ಅದು ಸುಲಭವೆಂದೇ ತಿಳಿದೆ. ಸಾಸೇಜ್ ತೆಗೆದೆ, ಆ ಜಾಗದಲ್ಲಿ ಇನ್ನೊಂದು ಸೌಟು ಸ್ಟಾಂಪೊಟ್ ಬಡಿಸಿದೆ. ತಟ್ಟೆಗಳು ಅರ್ಧಕ್ಕರ್ಧ ಉಳಿದು ಹಿಂದಿರುಗಿದವು. ಎರಡು ವಾರ ಹಾಗೆಯೇ ನಡೆದ ಮೇಲೆ, ನಮ್ಮ ಹಿರಿಯ ಅಡುಗೆಯವರು ಒಂದು ಮಧ್ಯಾಹ್ನ ನನ್ನನ್ನು ಕೂರಿಸಿ, ನಾನೇ ಬಡಿಸಿದ ಸಸ್ಯಾಹಾರದ ತಟ್ಟೆಯನ್ನು ನನ್ನ ಮುಂದಿಟ್ಟು, ಪೂರ್ತಿ ತಿನ್ನಲು ಹೇಳಿದರು. ಐದಾರು ತುತ್ತಿನ ನಂತರ ನಾಲಿಗೆಗೆ ಹೊಸದೇನೂ ಸಿಗಲಿಲ್ಲ. ಮೆತ್ತಗೆ, ಸಪ್ಪೆ, ಮತ್ತೆ ಮೆತ್ತಗೆ. ಸಾಸೇಜ್ ಆ ತಟ್ಟೆಯಲ್ಲಿ ಉಪ್ಪು, ಹೊಗೆಯ ವಾಸನೆ, ಜಿಡ್ಡು, ಅಗಿಯಲು ಒಂದಿಷ್ಟು ಗಟ್ಟಿತನ ಮತ್ತು ಪ್ರೋಟೀನ್ ಎಂಬ ಐದು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿತ್ತು ಎಂಬುದು ನನಗೆ ಅರ್ಥವಾದದ್ದು ಆಗ. ಆಲೂಗಡ್ಡೆಯಲ್ಲಿ ನೂರು ಗ್ರಾಮಿಗೆ ಸುಮಾರು 2 ಗ್ರಾಂ ಪ್ರೋಟೀನ್ ಮಾತ್ರ ಇರುವುದರಿಂದ, ಆ ತಟ್ಟೆ ತಿಂದು ಎದ್ದವರಿಗೆ ಮೂರು ಗಂಟೆಗೆಲ್ಲ ಹಸಿವಾಗುತ್ತಿದ್ದದ್ದೂ ಸಹಜವೇ.

ಅದಕ್ಕಿಂತ ದೊಡ್ಡ ತಪ್ಪು ಜನವರಿಯಲ್ಲಿ ಆಯಿತು. ಗ್ರೇವಿಯಿಲ್ಲದ ಸ್ಟಾಂಪೊಟ್ ಒಣಕಲೆನಿಸಿ, ಉಗ್ರಾಣದಲ್ಲಿದ್ದ ಗ್ರೇವಿ ಪುಡಿಯ ಡಬ್ಬಿಯನ್ನು ತೆಗೆದು, ಅದರ ಅಲರ್ಜಿ ಪಟ್ಟಿಯನ್ನು ಎರಡು ಬಾರಿ ನೋಡಿ, ಸಸ್ಯಾಹಾರಿಗಳ ಪಾತ್ರೆಗೆ ಅದರಿಂದಲೇ ಗ್ರೇವಿ ಮಾಡಿದೆ. ಸಾಲಿನಲ್ಲಿ ಬಂದ ಮೈಸೂರು ಕಡೆಯ ಒಬ್ಬ ಹುಡುಗಿ, "ಅಕ್ಕಾ, ಇದು ಪೂರ್ತಿ ವೆಜ್ ತಾನೇ?" ಎಂದು ಕೇಳಿದಳು. "ಹೌದಮ್ಮಾ, ನಾನೇ ಮಾಡಿದ್ದು, ಧೈರ್ಯವಾಗಿ ತಿನ್ನು" ಎಂದೆ. ಸಂಜೆ ಡಬ್ಬಿಯನ್ನು ಒರೆಸಿಡುವಾಗ, ಪದಾರ್ಥಗಳ ಸಾಲಿನ ಕೊನೆಯ ಭಾಗದಲ್ಲಿ, ದನದ ಮಾಂಸದ ಸಾರ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಕಣ್ಣಿಗೆ ಬಿತ್ತು.

ಯುರೋಪಿಯನ್ ಒಕ್ಕೂಟದ ನಿಯಮದಂತೆ ಆಹಾರದ ಲೇಬಲ್ಲಿನಲ್ಲಿ ಎದ್ದು ಕಾಣುವಂತೆ ತೋರಿಸಲೇಬೇಕಾದ ಅಲರ್ಜಿಕಾರಕಗಳು 14. ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೋಯಾ, ಸೆಲರಿ, ಸಾಸಿವೆ, ಎಳ್ಳು ಅದರಲ್ಲಿವೆ. ದನ, ಹಂದಿ, ಕೋಳಿಯ ಮಾಂಸ ಇಲ್ಲ. ಅಂದು ನನ್ನ ಡಬ್ಬಿಯ ಮೇಲೆ ಸೆಲರಿ ಎಂಬುದು ದಪ್ಪ ಅಕ್ಷರದಲ್ಲಿತ್ತು, ನನ್ನ ಕಣ್ಣು ಅಲ್ಲಿಗೇ ನಿಂತಿತು. ಅಲರ್ಜಿ ಪಟ್ಟಿ ಇರುವುದು ಒಂದು ಉದ್ದೇಶಕ್ಕೆ, ನಾನು ಅದನ್ನು ಬಳಸಿದ್ದು ಇನ್ನೊಂದಕ್ಕೆ. ಅಡುಗೆಮನೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ನಾನು ಇದನ್ನು ಒತ್ತಿ ಹೇಳುತ್ತೇನೆ: ಸಸ್ಯಾಹಾರಕ್ಕೆ ಪದಾರ್ಥಗಳ ಇಡೀ ಸಾಲನ್ನು ಕೊನೆಯ ಪದದವರೆಗೆ ಓದಲೇಬೇಕು.

ಮರುದಿನ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು ಅಕ್ಕ, ಆದ್ರೆ ಇನ್ನು ಸ್ವಲ್ಪ ದಿನ ನಾನು ಮನೆಯಿಂದಲೇ ಡಬ್ಬಿ ತರ್ತೀನಿ" ಎಂದಳು. ಆ ಚಳಿಗಾಲ ಮುಗಿಯುವವರೆಗೂ ಅವಳು ಡಬ್ಬಿ ತಂದಳು. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದದ್ದು ನನ್ನ ಒಂದು ಮಾತನ್ನು ನಂಬಿ ಮುರಿದುಹೋಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಅಂದಿನಿಂದ ಸಸ್ಯಾಹಾರಿಗಳ ಗ್ರೇವಿಯನ್ನು ಪುಡಿಯಿಂದ ಮಾಡುವುದನ್ನು ಬಿಟ್ಟೆ. ಐವತ್ತು ಜನರಿಗೆ ಮೂರು ಕೆ.ಜಿ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಎಣ್ಣೆ ಮತ್ತು ಬೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಗಾಢ ಕಂದು ಬಣ್ಣಕ್ಕೆ ಬರುವವರೆಗೆ ಮುಕ್ಕಾಲು ಗಂಟೆ ಬಾಡಿಸುತ್ತೇನೆ. ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ಎರಡು ಕೆ.ಜಿ. ಅಣಬೆಯನ್ನು ಬೇರೆ ಬಾಣಲೆಯಲ್ಲಿ, ಜೋರು ಉರಿಯಲ್ಲಿ, ಅದರ ನೀರೆಲ್ಲ ಆರಿ ಅಂಚು ಕೆಂಪಾಗುವಂತೆ ಹುರಿದು ಸೇರಿಸಬೇಕು. ನಂತರ ಟೊಮೆಟೊ ಪೇಸ್ಟ್, ಸೋಯಾ ಸಾಸ್, ಲವಂಗದೆಲೆ, ಒಣ ಅಣಬೆ ನೆನೆಸಿದ ನೀರು. ಕೊನೆಗೆ ಒಂದು ಚಮಚ ಒರಟು ಸಾಸಿವೆ. ಅಣಬೆ, ಟೊಮೆಟೊ, ಸೋಯಾ ಮೂರರಲ್ಲೂ ಗ್ಲುಟಮೇಟ್ ಧಾರಾಳವಾಗಿರುವುದರಿಂದ, ಮಾಂಸದ ರಸದಲ್ಲಿ ಜನ ಬಯಸುವ ಆ ತುಂಬಿದ ರುಚಿ ಇದರಲ್ಲಿಯೂ ಬರುತ್ತದೆ. ಈಗ ಮಾಂಸ ತಿನ್ನುವವರಲ್ಲಿಯೂ ಹಲವರು ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಅಗಿಯುವುದಕ್ಕೆ ಮತ್ತು ಹೊಟ್ಟೆ ನಿಲ್ಲುವುದಕ್ಕೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಟೆಂಪೆಯನ್ನು. ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆಯಾಗಿ ಮಾಡುವ ಇದು ಜಾವಾದ ಆಹಾರ. ಇಂಡೋನೇಷ್ಯಾದೊಂದಿಗಿನ ವಸಾಹತು ಕಾಲದ ನಂಟಿನಿಂದಾಗಿ ಡಚ್ಚರ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಇಲ್ಲಿನವರ ನಾಲಿಗೆಗೆ ಪರಕೀಯವೂ ಅಲ್ಲ. ತೆಳುವಾಗಿ ಕೊಯ್ದು, ಸಿಹಿ ಸೋಯಾ ಸಾಸ್ ಮತ್ತು ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ ಸವರಿ, ಗರಿಗರಿಯಾಗಿ ಹುರಿದರೆ, ಉಪ್ಪು, ಹೊಗೆ, ಜಿಡ್ಡು ಮೂರೂ ಬರುತ್ತವೆ. ಸಾಸೇಜಿನ ಆಕಾರದಲ್ಲಿಯೇ ಬರುವ ಸಸ್ಯಾಹಾರಿ ಸಾಸೇಜುಗಳನ್ನೂ ಕೆಲವೊಮ್ಮೆ ಇಡುತ್ತೇವೆ, ಆದರೆ ನಮ್ಮ ಕಡೆಯ ಅನೇಕರು ಆ ಆಕಾರ ಕಂಡರೇ ಮುಟ್ಟುವುದಿಲ್ಲ. ಅವರನ್ನು ಒತ್ತಾಯಿಸುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ. ಅವರಿಗಾಗಿ ಬೇಯಿಸಿದ ಕಂದು ಕಾಳುಗಳನ್ನು ಬೆಣ್ಣೆಯಲ್ಲಿ ಬಾಡಿಸಿ ಇಟ್ಟಿರುತ್ತೇನೆ.

ಹೊಗೆ ಹಾಕಿದ ಚೀಸಿನ ತುಂಡುಗಳನ್ನು ಬಿಸಿ ಸ್ಟಾಂಪೊಟ್ಟಿಗೆ ಬೆರೆಸುವುದು ಎಲ್ಲಕ್ಕಿಂತ ಸುಲಭದ ದಾರಿ. ಆದರೆ ಚೀಸಿನ ಹಾಲನ್ನು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಇಲ್ಲಿ ಹಳೆಯ ಪದ್ಧತಿ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್‌ನ ಚೀಸೂ ದೊರೆಯುವುದರಿಂದ, ಪೂರೈಕೆದಾರರಿಂದ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆಯೇ ನಾನು ಅದನ್ನು ಸಸ್ಯಾಹಾರದ ಪಾತ್ರೆಗೆ ಹಾಕುವುದು.

ಸಾಸೇಜ್ ಮಾಡದೇ ಇದ್ದ ಒಂದು ಕೆಲಸವೂ ಇದೆ, ಅದೇ ಹುಳಿ. ಬಾಳೆಲೆಯ ಊಟದಲ್ಲಿ ಉಪ್ಪಿನಕಾಯಿ, ಕೋಸಂಬರಿಗಳು ತುದಿಯಲ್ಲಿದ್ದುಕೊಂಡೇ ಅನ್ನದ ಮಂದತನವನ್ನು ಹೇಗೆ ಕಳೆಯುತ್ತವೆಯೋ ಹಾಗೆ, ವಿನೆಗರ್‌ನಲ್ಲಿ ಹಾಕಿದ ಸಣ್ಣ ಈರುಳ್ಳಿ, ಎಳೆ ಸೌತೆಕಾಯಿ ಮತ್ತು ಪಿಕ್ಕಲಿಲಿ ಡಚ್ಚರ ತಟ್ಟೆಯಲ್ಲಿ ಆ ಕೆಲಸ ಮಾಡುತ್ತವೆ. ಹೂಕೋಸು, ಸೌತೆ, ಈರುಳ್ಳಿಗಳನ್ನು ಸಾಸಿವೆ ಮತ್ತು ಅರಿಶಿನದಲ್ಲಿ ಹಾಕಿದ ಪಿಕ್ಕಲಿಲಿಯನ್ನು ನಮ್ಮವರು ಮೊದಲ ಬಾರಿ ಕಂಡಾಗಲೇ ಗುರುತು ಹಿಡಿದವರಂತೆ ಬಡಿಸಿಕೊಳ್ಳುತ್ತಾರೆ. ಒಮ್ಮೆ ನಾನು ಇನ್ನೂ ಮುಂದೆ ಹೋಗಿ, ಕೇಲ್ ಸ್ಟಾಂಪೊಟ್ಟಿಗೆ ಇಂಗಿನ ಒಗ್ಗರಣೆ ಕೊಟ್ಟು, ಪಕ್ಕದಲ್ಲಿ ಕಡಲೆಕಾಳಿನ ಹುಳಿ ಇಟ್ಟೆ. ಎಲ್ಲರೂ ಮೆಚ್ಚಿ ತಿಂದರು. ಆದರೆ ಮಾಂಸ ಬಿಟ್ಟಿದ್ದ ಒಬ್ಬ ಡಚ್ ಸಹೋದ್ಯೋಗಿ, ತನ್ನ ಅಜ್ಜಿ ಮಾಡುತ್ತಿದ್ದ ಊಟದ ನೆನಪಿಗಾಗಿ ತಾನು ಸಾಲಿನಲ್ಲಿ ನಿಂತದ್ದೆಂದು ಮೆಲ್ಲಗೆ ಹೇಳಿದರು. ಊರ ಊಟಕ್ಕೆ ಹಂಬಲಿಸುವುದೇನೆಂದು ನನಗೆ ಗೊತ್ತಿರುವುದರಿಂದ, ಆ ಪ್ರಯೋಗವನ್ನು ಮತ್ತೆ ಮಾಡಲಿಲ್ಲ.

ಈಗ ನನ್ನ ಗಮನವೆಲ್ಲ ಅಕ್ಟೋಬರ್ 3ರ ಹಟ್ಸ್‌ಪಾಟ್ ಮೇಲಿದೆ. 1574ರಲ್ಲಿ ಸ್ಪೇನಿನ ಸೈನ್ಯದ ಮುತ್ತಿಗೆಯಿಂದ ಲೈಡನ್ ನಗರ ಬಿಡುಗಡೆಯಾದದ್ದು ಆ ದಿನ. ಓಡಿಹೋದ ಸೈನಿಕರು ಬಿಟ್ಟುಹೋದ ಪಾತ್ರೆಯಲ್ಲಿ ಹಸಿದ ಊರಿಗೆ ಈ ಅಡುಗೆ ಸಿಕ್ಕಿತೆಂದು ಐತಿಹ್ಯ. ಆಲೂಗಡ್ಡೆ ಈ ದೇಶದ ದಿನನಿತ್ಯದ ಊಟವಾದದ್ದು ಅದಕ್ಕಿಂತ ಬಹಳ ತಡವಾಗಿ. ಪ್ರತಿ ವರ್ಷ ಆ ದಿನ ಹಟ್ಸ್‌ಪಾಟ್ ಜೊತೆ ಬಹಳ ಹೊತ್ತು ಬೇಯಿಸಿದ ದನದ ಮಾಂಸ ಇಡುವುದು ಪದ್ಧತಿ. ಅದರ ಬದಲಿಗೆ ಹಶೇ ಎಂಬ ಡಚ್ಚರದೇ ಈರುಳ್ಳಿ ಗೊಜ್ಜನ್ನು, ಮಾಂಸವಿಲ್ಲದೆ, ಇಡಿಯ ಅಣಬೆ ಹಾಕಿ, ಲವಂಗ, ಲವಂಗದೆಲೆ, ವಿನೆಗರ್ ಜೊತೆ ಎರಡು ಗಂಟೆ ಕುದಿಸಿ ನೋಡಿದ್ದೇನೆ. ಹಿಂದಿನ ದಿನವೇ ಮಾಡಿಟ್ಟರೆ ಹುಳಿ ಇಳಿದು ಹದವಾಗುತ್ತದೆ. ಕಳೆದ ವರ್ಷ ಅದನ್ನು ಬಡಿಸಿದಾಗ ಆ ಮೈಸೂರು ಹುಡುಗಿಯೂ ಸಾಲಿನಲ್ಲಿದ್ದಳು. ಅವಳು ಕೇಳುವ ಮೊದಲೇ, ಪಾತ್ರೆಯ ಪಕ್ಕದಲ್ಲಿ ಎಲ್ಲ ಪದಾರ್ಥಗಳನ್ನೂ ಬರೆದಿಟ್ಟಿದ್ದ ಚೀಟಿಯನ್ನು ಅವಳ ಕಡೆ ತಿರುಗಿಸಿದೆ. ಅವಳು ಅದನ್ನು ಕೊನೆಯ ಪದದವರೆಗೆ ಓದಿ, ತಟ್ಟೆ ಮುಂದೆ ಚಾಚಿದಳು.