ಬರೆ ಕುಸಿದ ರಾತ್ರಿ ನಿಮ್ಮ ತಂಡಕ್ಕೆ ಕರೆ ಬರಬೇಕಾದರೆ

ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸುವುದು ಒಂದು ಬಗೆಯ ಮಾನ್ಯತೆ. ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿದ ರಾತ್ರಿ ಜಿಲ್ಲೆಯ ತುರ್ತು ಸಹಾಯವಾಣಿ 1077ರ ಕಂಟ್ರೋಲ್ ರೂಮಿನವರು ಪಟ್ಟಿ ನೋಡಿ ನಿಮ್ಮ ತಂಡಕ್ಕೆ ಫೋನ್ ಮಾಡುವುದು ಇನ್ನೊಂದು ಬಗೆಯದು. ಮೊದಲನೆಯದೂ ಸಂತೋಷವೇ. ಆದರೆ ಕೊಡಗಿನ ಸ್ವಯಂಸೇವಾ ತಂಡಗಳು ಹಟ ಹಿಡಿದು ಪಡೆಯಬೇಕಾದದ್ದು ಎರಡನೆಯದನ್ನು. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಮರುವರ್ಷ ತೋರ, 2020ರಲ್ಲಿ ತಲಕಾವೇರಿ: ಗುಡ್ಡ ಕುಸಿದು ರಸ್ತೆ ಕಡಿದುಹೋಗುವ ಇಂಥ ಜಾಗಗಳಲ್ಲಿ ಮೊದಲು ಒದಗುವವರು ಪಕ್ಕದೂರಿನವರೇ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಸ್ವಯಂಸೇವಾ ಸಂಸ್ಥೆಗಳನ್ನು ಈ ಕೆಲಸದಲ್ಲಿ ತೊಡಗಿಸಿಕೊಳ್ಳುವಂತೆ 30ನೇ ಕಲಂ ಹೇಳುತ್ತದೆ. 31ನೇ ಕಲಂ ಪ್ರಕಾರ ಜಿಲ್ಲಾ ಯೋಜನೆಯನ್ನು ಪ್ರತಿವರ್ಷ ಪರಿಷ್ಕರಿಸಬೇಕು. ಆ ಯೋಜನೆಯ ಸಂಪನ್ಮೂಲ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಹಾಗಾಗಿ ಅರ್ಜಿ ಜನವರಿ, ಫೆಬ್ರವರಿಯಲ್ಲೇ ಹೋಗಲಿ. ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ಅರ್ಜಿ ಹಿಡಿದು ಹೋದರೆ ಅದನ್ನು ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಮೊದಲು ಮನೆ ಸರಿ ಮಾಡಿಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಕನಿಷ್ಠ 7 ಮಂದಿ ಬೇಕು. ನೋಂದಣಿಯೇನೋ ಆಗುತ್ತದೆ, ಆಮೇಲೆ ಎಡವುತ್ತಾರೆ. ಮಹಾಸಭೆಯಾದ 14 ದಿನಗಳಲ್ಲಿ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಎಷ್ಟೋ ಸಂಘಗಳು ವರ್ಷಗಟ್ಟಲೆ ಸಲ್ಲಿಸಿರುವುದಿಲ್ಲ. ಇನ್ನೊಂದು ತೊಡಕು ಹೆಸರಿನದು. ಬೈಲಾದಲ್ಲಿ ‘ಸೇವಾ ಸಮಿತಿ’, ಪ್ಯಾನ್ ಕಾರ್ಡಿನಲ್ಲಿ ‘ಸೇವಾ ಟ್ರಸ್ಟ್’ ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಅರ್ಜಿ ಎರಡು ಹಾಳೆ ಮೀರದಿರಲಿ. ಸದಸ್ಯರ ಹೆಸರು, ವಯಸ್ಸು, ರಕ್ತದ ಗುಂಪು, ಎರಡೆರಡು ಫೋನ್ ನಂಬರ್. ಯಾರಿಗೆ ಈಜು ಬರುತ್ತದೆ, ಯಾರು ಜೀಪು ಓಡಿಸುತ್ತಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಾಗಿದೆ ಎಂಬ ವಿವರ. ಸಲಕರಣೆಯನ್ನು ಲೆಕ್ಕ ಹಾಕಿ ಬರೆಯಿರಿ. ‘ಹಗ್ಗ ಇದೆ’ ಎಂದರೆ ಸಾಲದು, ‘11 ಮಿ.ಮೀ. ಹಗ್ಗ, 50 ಮೀಟರ್, 2 ಸುರುಳಿ’ ಎಂದಿರಬೇಕು. ಚೈನ್ ಸಾ, ಜನರೇಟರ್, ಸ್ಟ್ರೆಚರ್, ಹೆಡ್‌ಲ್ಯಾಂಪ್ ಯಾರ ಮನೆಯಲ್ಲಿವೆ ಎಂಬುದೂ ಬೇಕು. ವಾಕಿಟಾಕಿ ಇದ್ದರೆ ಅದು ಕಾನೂನುಬದ್ಧವೇ ಎಂದು ನೋಡಿಕೊಂಡು ಬರೆಯಿರಿ.

‘ಇಡೀ ಕೊಡಗಿನಲ್ಲಿ ಸೇವೆ’ ಎಂದು ಮಾತ್ರ ಬರೆಯಬೇಡಿ. ಮಳೆಗಾಲದಲ್ಲಿ ಮಾದಾಪುರದವರು ಭಾಗಮಂಡಲಕ್ಕೆ ಹೊತ್ತಿಗೆ ತಲುಪಲಾರರು ಎಂದು ಅಧಿಕಾರಿಗಳಿಗೂ ಗೊತ್ತು. ನಡೆದು ತಲುಪಬಲ್ಲ ಮೂರೋ ನಾಲ್ಕೋ ಗ್ರಾಮಗಳನ್ನು ಹೆಸರಿಸಿ. ಆ ಗ್ರಾಮ ಪಂಚಾಯಿತಿಗಳ ನಿರ್ಣಯದ ನಕಲು, ಹಿಂದೆ ಮಾಡಿದ ಕೆಲಸಕ್ಕೆ ಪಿಡಿಒ ಅಥವಾ ಗ್ರಾಮ ಆಡಳಿತ ಅಧಿಕಾರಿಯ ಪತ್ರ ಲಗತ್ತಿಸಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಕಳಿಸಿ. ಎರಡೂ ಕಡೆ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆ ಅಧಿಕಾರಿಯ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ಪಟ್ಟಿಗೆ ಸೇರಿಸಿದ ಆದೇಶ ಬಂದಾಗ ಮೂರು ವಿಷಯ ಅದರಲ್ಲಿ ಸ್ಪಷ್ಟವಿರಲಿ: ನೀವು ಯಾವ ನೋಡಲ್ ಅಧಿಕಾರಿಯ ಕೈಕೆಳಗೆ, ಗುರುತಿನ ಚೀಟಿ ಯಾರು ಕೊಡುತ್ತಾರೆ, ಸದಸ್ಯರಿಗೆ ಅಪಘಾತ ವಿಮೆ ಯಾರ ಹೊಣೆ. ವಿಮೆಯ ಮಾತಿಲ್ಲದಿದ್ದರೆ ಸಂಘವೇ ಮಾಡಿಸಲಿ. ಅದಿಲ್ಲದೆ ಸದಸ್ಯರನ್ನು ಕುಸಿಯುವ ಗುಡ್ಡದ ಕೆಳಗೆ ಕಳಿಸುವುದು ತಪ್ಪು.

ದುಡ್ಡಿನ ವಿಷಯದಲ್ಲಿ ಎಚ್ಚರ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. ಪರಿಹಾರಕ್ಕೆಂದು ಬಂದ ಹಣ, ಸಾಮಾನು ದುರುಪಯೋಗವಾದರೆ ವಿಪತ್ತು ನಿರ್ವಹಣಾ ಕಾಯ್ದೆಯ 53ನೇ ಕಲಂ ಅಡಿ ಶಿಕ್ಷೆಯಿದೆ. ಕಾಳಜಿ ಕೇಂದ್ರಕ್ಕೆ (ಸಂತ್ರಸ್ತರ ತಾತ್ಕಾಲಿಕ ಆಶ್ರಯ ತಾಣ) ಒಂದು ಮೂಟೆ ಅಕ್ಕಿ ಕೊಟ್ಟರೂ ದಾಸ್ತಾನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

ರಸ್ತೆಗೆ ಬಿದ್ದ ಮರ ಕಡಿಯುವಾಗಲೂ ಅಷ್ಟೇ, ವಿಶೇಷವಾಗಿ ಬೀಟೆ. ಮೊದಲು ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ದಾರಿ ಬಿಡಿಸುವಷ್ಟೇ ಕತ್ತರಿಸಿ ನಾಟಾವನ್ನು ಅಲ್ಲೇ ಬದಿಗಿಡಿ.

ಮಳೆಯ ಅಬ್ಬರ ಇಳಿದು, ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್‌ಪೊಳ್ದ್ ಮುಗಿಯುವಷ್ಟರಲ್ಲಿ ಯಾವ ದಿನ, ಎಲ್ಲಿ, ಎಷ್ಟು ಜನ, ಏನು ಕೆಲಸ ಎಂದು ಒಂದು ಪುಟದ ವರದಿ ಬರೆದು ತಹಶೀಲ್ದಾರರಿಗೆ ಕೊಡಿ. ಮುಂದಿನ ಜನವರಿಯ ಅರ್ಜಿಗೆ ಮೊದಲ ಲಗತ್ತು ಅದೇ.